ಮಡಿಚಿ ಹೊಲಿದ ಎರಡು ಮಾರ್ಕು

ಶಾಲೆಯ ಸಮವಸ್ತ್ರ ಹೊಲಿಯುವ ಟೈಲರು ತನ್ನ ಜೀವಮಾನದಲ್ಲಿ ಯಾವ ಮಗುವಿನ ಅಳತೆಯನ್ನೂ ಸರಿಯಾಗಿ ಹೇಳಿದವನಲ್ಲ. ಹಾಗಂತ ಅವನನ್ನು ಸುಳ್ಳುಗಾರ ಅನ್ನುವ ಹಾಗೂ ಇಲ್ಲ. ಟೇಪು ಮಗುವಿನ ಎದೆಯ ಸುತ್ತ ಬಂದು ಇಪ್ಪತ್ತಾರಕ್ಕೆ ನಿಂತರೆ, ಅವನ ಬಾಯಿ ತಾನಾಗಿಯೇ "ಇಪ್ಪತ್ತೆಂಟು!" ಎಂದು ಕೂಗುತ್ತಿತ್ತು. ಜೊತೆಗೆ ಬಂದ ತಾಯಿಯ ಮುಖ ಅರಳುತ್ತಿತ್ತು. ವರ್ಷವಿಡೀ ಬೆನ್ನ ಹಿಂದೆ ಬಿದ್ದು ಉಣಿಸಿದ್ದು ದಂಡವಾಗಲಿಲ್ಲವಲ್ಲ! ಆ ಸಂತೋಷಕ್ಕೆ ತಗಲುವ ಖರ್ಚು ಎರಡಿಂಚು ಬಟ್ಟೆ. ಅದನ್ನು ಒಳಗೆ ಮಡಿಚಿ ಹೊಲಿಗೆ ಹಾಕಿದರೆ ಮುಗಿಯಿತು. ಮುಂದಿನ ವರ್ಷ ಮಗು ನಿಜವಾಗಿಯೂ ಬೆಳೆದಾಗ ಬಿಚ್ಚಿಕೊಳ್ಳಬಹುದು.

ಅಳತೆ ಪುಸ್ತಕ ಬರೆಯುವ ಕೆಲಸ ಹೆಂಡತಿಯದಾಗಿತ್ತು. ಅವನು ಇಪ್ಪತ್ತೆಂಟು ಎಂದು ಕೂಗಿದರೆ ಅವಳು ತಲೆ ಎತ್ತದೆ ಇಪ್ಪತ್ತಾರು ಎಂದು ಬರೆದು, ಒಳಗೆ ಮಡಿಚಬೇಕಾದ ಇಂಚಿನ ಲೆಕ್ಕಕ್ಕೆ ಪಕ್ಕದಲ್ಲಿ ಸಣ್ಣದಾಗಿ ಎರಡು ಎಂದು ಹಾಕುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಈ ವಿಷಯವಾಗಿ ಗಂಡಹೆಂಡಿರ ನಡುವೆ ಒಂದು ಮಾತೂ ನಡೆದಿರಲಿಲ್ಲ. ಅವಳು ತೀರಿಕೊಂಡ ಮೇಲೆ ಪುಸ್ತಕ ಮಗಳ ಕೈಗೆ ಬಂತು. ಮಗಳೂ ತಲೆ ಎತ್ತದೆ ಬರೆಯುತ್ತಾಳೆ.

ಆ ಮಗಳ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ನೂರಕ್ಕೆ ತೊಂಬತ್ತೊಂದು. ಅವಳಿಗೆ ಬೇಕಾದದ್ದು ಪಶುವೈದ್ಯ ಕೋರ್ಸು. ಅದಕ್ಕೆ ಹೋದ ವರ್ಷ ಕೊನೆಯ ಸೀಟು ಸಿಕ್ಕಿದ್ದು ತೊಂಬತ್ತೂವರೆಗೆ. ಅರ್ಧ ಮಾರ್ಕಿನಷ್ಟು ಜಾಗ ಮಾತ್ರ ಉಳಿದಿತ್ತು. ಬಿಗಿಯೇ ಸರಿ, ಆದರೆ ಗುಂಡಿ ಹಾಕಬಹುದಾದಷ್ಟು ಬಿಗಿ. ಮಗಳು ಬೆಳಗ್ಗೆ ಫಲಿತಾಂಶ ನೋಡಿ, ಅಪ್ಪನಿಗೆ ಹೇಳಿ, ಎಂದಿನಂತೆ ಪಶು ಆಸ್ಪತ್ರೆಗೆ ಹೋದಳು. ಪರೀಕ್ಷೆ ಮುಗಿದಂದಿನಿಂದ ಅಲ್ಲಿನ ಡಾಕ್ಟರ ಕೈಕೆಳಗೆ ಬ್ಯಾಂಡೇಜು ಸುತ್ತುವುದು, ಕರುಗಳ ಬಾಯಿ ಬಿಡಿಸಿ ಔಷಧಿ ಹಾಕುವುದು ಅವಳ ಕೆಲಸ.

ಟೈಲರು ಮಾತ್ರ ಸಂತೋಷಕ್ಕೆ ಕೂತಲ್ಲಿ ಕೂರಲಾರದೆ ಎದುರಿನ ಔಷಧಿ ಅಂಗಡಿಗೆ ಹೋದ. ಅಲ್ಲಿ ಅವನಿಗೆ ಬೇಕಾದದ್ದು ಏನೂ ಇರಲಿಲ್ಲ. ಯಾರಾದರೂ ಕೇಳಲಿ ಎಂದು ಹೋದದ್ದು.

ಔಷಧಿ ಅಂಗಡಿಯವರು ಕೇಳಿದರು. ಆದರೆ ಮೊದಲು ಹೇಳಿದರು.

"ನಮ್ಮವನದು ತೊಂಬತ್ತೆರಡು ಟೈಲರೇ. ನಿಮ್ಮ ಮಗಳದು?"

"ತೊಂಬತ್ತ..." ಎಂದು ಟೈಲರು ಶುರುಮಾಡಿದ.

ಇಲ್ಲಿ ಒಂದು ಕ್ಷಣ ನಿಂತು ಅವನ ಪರವಾಗಿ ಎರಡು ಮಾತು ಹೇಳುವುದು ನ್ಯಾಯ. ಇಷ್ಟು ವರ್ಷ ಈ ಬೀದಿಯ ಪ್ರತಿ ಮಗುವಿಗೂ ಧಾರಾಳವಾಗಿ ಎರಡು ಸೇರಿಸಿ ಹೇಳಿದ ಬಾಯಿ ಅದು. ಔಷಧಿ ಅಂಗಡಿಯವರ ಮಗನಿಗಂತೂ ಒಮ್ಮೆ ಮೂರೂವರೆ ಸೇರಿಸಿತ್ತು. ಈಗ ತನ್ನ ಮಗುವಿನ ಸರದಿ ಬಂದಾಗ ಮಾತ್ರ ಅದು ಕೈ ಬಿಗಿಹಿಡಿಯಬೇಕೆಂದರೆ ಹೇಗೆ?

"...ಮೂರು!" ಎಂದಿತು ಬಾಯಿ.

ಔಷಧಿ ಅಂಗಡಿಯವರು ಮಾತ್ರೆ ಎಣಿಸುವವರ ಹಾಗೆ ಒಂದು ಗಳಿಗೆ ಸೂರು ನೋಡಿದರು. ಆಮೇಲೆ ನಕ್ಕರು. "ಸಂತೋಷ. ಬಹಳ ಸಂತೋಷ."

ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊಣಕಾಲಿನ ಮುಲಾಮಿಗೆ ಬಂದಿದ್ದ ನಿವೃತ್ತ ಪೋಸ್ಟ್ ಮಾಸ್ಟರ ಕಿವಿ ನೆಟ್ಟಗಾಯಿತು. ಅವರು ಜೇಬಿನಿಂದ ನಾಲ್ಕಾಗಿ ಮಡಿಸಿದ ಪತ್ರಿಕೆಯ ತುಂಡು ತೆಗೆದರು. ಯಾವ ಕೋರ್ಸಿಗೆ ಹೋದ ವರ್ಷ ಎಷ್ಟು ಅಂಕಕ್ಕೆ ಸೀಟು ಮುಗಿಯಿತು ಎಂಬ ಪಟ್ಟಿ ಅದರಲ್ಲಿತ್ತು. ಅವರಿಗೆ ಮಕ್ಕಳಿಲ್ಲ. ಬೇರೆಯವರ ಮಕ್ಕಳ ಅಂಕಗಳನ್ನು ವಿಂಗಡಿಸಿ ಸರಿಯಾದ ಖಾನೆಗೆ ಹಾಕುವುದು ನಿವೃತ್ತಿಯ ನಂತರ ಅವರು ಕೈಗೆತ್ತಿಕೊಂಡ ಸೇವೆ.

"ತೊಂಬತ್ತಮೂರು! ರೀ ಟೈಲರೇ, ವೈದ್ಯಕೀಯ ಹೋದ ವರ್ಷ ನಿಂತಿದ್ದೇ ತೊಂಬತ್ತಮೂರಕ್ಕೆ. ನೋಡಿ ಇಲ್ಲಿ! ನಿಮ್ಮ ಮಗಳು ಡಾಕ್ಟರು!"

"ಅವಳಿಗೆ ಪಶುವೈದ್ಯ ಅಂತ ಆಸೆ ಸಾರ್..."

"ಅದಕ್ಕೆ ತೊಂಬತ್ತೂವರೆ ಸಾಕು. ತೊಂಬತ್ತಮೂರು ಇಟ್ಕೊಂಡು ಯಾರಾದ್ರೂ ತೊಂಬತ್ತೂವರೆ ಬಾಗಿಲಲ್ಲಿ ನಿಲ್ತಾರೇನ್ರೀ? ಎರಡೂವರೆ ಮಾರ್ಕು ದಂಡ ಅಲ್ವಾ?"

ಒಳ್ಳೆಯ ಮಾಲು ದಂಡವಾಗುವುದು ಟೈಲರಿಗೂ ಸೇರದ ವಿಷಯ. ತಲೆನೋವಿನ ಮಾತ್ರೆ ಒಂದು ಕೊಂಡುಕೊಂಡು ಬಂದ. ಅದರ ಅಗತ್ಯ ಆಗ ಇರಲಿಲ್ಲ. ಸಂಜೆಗೆ ಬಂತು.

ಸಂಜೆ ಅಕ್ಕ ಬಂದಳು. ಟೈಲರಿಗೆ ಅಮ್ಮನ ಸ್ಥಾನದಲ್ಲಿರುವ ಅಕ್ಕ ಎರಡು ಬೀದಿಯಾಚೆ ಇದ್ದಾಳೆ. ಸುದ್ದಿ ಅವಳಿಗೆ ಪೋಸ್ಟ್ ಮಾಸ್ಟರಿಂದಲೇ ಬಟವಾಡೆಯಾಗಿತ್ತು. ಹೊಸ್ತಿಲು ದಾಟುವ ಮೊದಲೇ ಅಳುವುದಕ್ಕೆ ಶುರುಮಾಡಿದ್ದಳು.

"ನಮ್ಮ ವಂಶದಲ್ಲಿ ಡಾಕ್ಟರು ಕಣೋ! ಇಲ್ಲೀವರೆಗೆ ಡಾಕ್ಟರ ಹತ್ರ ಹೋದೋರೇ ಇದ್ದದ್ದು!"

ಅಷ್ಟರಲ್ಲಿ ಮಗಳು ಡೆಟಾಲು ಮತ್ತು ಒಣಹುಲ್ಲಿನ ವಾಸನೆ ಹೊತ್ತುಕೊಂಡು ಒಳಗೆ ಬಂದಳು. ಕೈ ತೊಳೆಯುವ ಮೊದಲೇ ಅತ್ತೆ ಅವಳನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಆಮೇಲೆ ಯೋಚಿಸಿ, ಅವಳನ್ನು ಎಬ್ಬಿಸಿ ತಾನೇ ಕೂತು ನಾಲಿಗೆ ಹೊರಗೆ ಹಾಕಿದಳು.

"ನೋಡೇ, ನನ್ನಿಂದಲೇ ಶುರು ಮಾಡು. ಒಂದು ತಿಂಗಳಿಂದ ತಲೆ ತಿರುಗು."

ಮಗಳು ಅಭ್ಯಾಸಬಲದಿಂದ ಅತ್ತೆಯ ಕೆಳರೆಪ್ಪೆ ಎಳೆದು ನೋಡಿದಳು. ಗದ್ದ ಹಿಡಿದು ಎತ್ತಿದಳು. ಕೊರಳಿನ ಪಕ್ಕ ಎರಡು ಸಲ ತಟ್ಟಿದಳು.

"ಮೇವು ಸರಿಯಾಗಿ ತಿಂತಿದೀರಾ ಅತ್ತೆ?"

"ಏನಂದೆ?"

"ಊಟ, ಊಟ. ಊಟ ಸರಿಯಾಗಿ ಮಾಡ್ತಿದೀರಾ?"

"ತೊಂಬತ್ತಮೂರು ತಗೊಂಡೋಳ ಕೈಯಲ್ಲಿ ತೋರಿಸ್ಕೊಂಡ್ರೆ ಅರ್ಧ ವಾಸಿ ಆದಂಗೇ ಕಣೆ," ಎಂದು ಅತ್ತೆ ಕಣ್ಣೊರೆಸಿಕೊಂಡಳು.

"ಯಾರು ತಗೊಂಡಿದ್ದು ತೊಂಬತ್ತಮೂರು?"

ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಮಿಷನ್ನಿನ ಬಾಬಿನ್ ಕಡೆ ನೋಡಿದ. ಬಾಬಿನ್ನಿನಲ್ಲಿ ದಾರ ತುಂಬಿತ್ತು. ಆದರೂ ತೆಗೆದು ಮತ್ತೆ ಹಾಕಿದ. ಮಗಳ ಮುಖದಲ್ಲಿ ಅಳತೆ ಪುಸ್ತಕ ಬರೆಯುವಾಗಿನ ಕಳೆ ಬಂತು.

ಅತ್ತೆ ನೀರು ಕುಡಿಯಲು ಒಳಗೆ ಹೋದಾಗ ಮೆಲ್ಲಗೆ, "ಅಪ್ಪಾ, ಅರ್ಜಿ ವಿಷಯ ಒಂದು ಹೇಳ್ಬೇಕಿತ್ತು," ಎಂದಳು.

"ಗೊತ್ತಮ್ಮಾ, ಗೊತ್ತು. ಅಕ್ಕ ಹೋಗ್ಲಿ, ಮಾತಾಡೋಣ."

ಅಕ್ಕ ಹೋಗಲಿಲ್ಲ. ಚೀಲ ತಂದಿದ್ದಳು. ಬೆಳಗ್ಗೆ ಮಗಳು ಆಸ್ಪತ್ರೆಗೆ ಹೊರಡುವಾಗ ಇನ್ನೊಮ್ಮೆ "ಅಪ್ಪಾ, ಅರ್ಜಿ..." ಎಂದಳು. ಅಷ್ಟಕ್ಕೇ ಪೋಸ್ಟ್ ಮಾಸ್ಟರು ಮೊಣಕಾಲಿನ ಎಕ್ಸ್‌ರೇ ಹಿಡಿದುಕೊಂಡು ಬಂದರು. ಅವರಿಂದ ತಪ್ಪಿಸಿಕೊಳ್ಳಲು ಅವಳು ಹಿತ್ತಲ ಬಾಗಿಲಿನಿಂದ ಹೋಗಬೇಕಾಯಿತು.

ಡಾಕ್ಟರು ಸಿಗದ ಬೇಸರಕ್ಕೆ ಪೋಸ್ಟ್ ಮಾಸ್ಟರು ಅರ್ಜಿಯನ್ನು ಕೈಗೆತ್ತಿಕೊಂಡರು.

"ಇವತ್ತೇ ಹಾಕಿಬಿಡೋಣ ಟೈಲರೇ. ನಾಳೆ ಕೊನೇ ದಿನ. ಕೊನೇ ದಿನ ಆ ಕಂಪ್ಯೂಟರು ಏಳೋದೇ ಇಲ್ಲ."

"ಮಗಳು ಬರ್ಲಿ ಸಾರ್."

"ಅವಳು ಬರೋ ಹೊತ್ತಿಗೆ ಊರೇ ಸಾಲಲ್ಲಿ ನಿಂತಿರುತ್ತೆ," ಎಂದಳು ಅಕ್ಕ. "ಅವಳ ಪರೀಕ್ಷೆ ನಂಬರು ಗೊತ್ತು ತಾನೇ? ಎದ್ದೇಳು, ಎದ್ದೇಳು!"

ನಂಬರು ಅಳತೆ ಪುಸ್ತಕದ ಕೊನೆಯ ಪುಟದಲ್ಲಿತ್ತು. ಟೈಲರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ, ಇಬ್ಬರ ನಡುವೆ ನಡೆದು ಹೋದ. ದೂರದಿಂದ ನೋಡಿದವರಿಗೆ ಯಾರೋ ಅವನನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ ಅನ್ನಿಸಿರಲಿಕ್ಕೂ ಸಾಕು.

ಕಂಪ್ಯೂಟರ್ ಸೆಂಟರು ಒಂದು ಮೆಟ್ಟಿಲಿನ, ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳ ಕೋಣೆ. ಅದನ್ನು ನಡೆಸುವ ಮೇಡಮ್ಮಿಗೆ ಇಬ್ಬರು ಮಕ್ಕಳು, ಇಬ್ಬರ ಸಮವಸ್ತ್ರವೂ ಟೈಲರದೇ. ಮೇಡಮ್ಮಿನ ಮುಂದೆ ಒಂದು ಪರದೆ. ತಪ್ಪಿದ್ದರೆ ಗಿರಾಕಿಗಳಿಗೂ ಕಾಣಲಿ ಎಂದು ಗೋಡೆಯ ಮೇಲೆ ಅದಕ್ಕಿಂತ ನಾಲ್ಕು ಪಟ್ಟು ದೊಡ್ಡದಾದ ಇನ್ನೊಂದು ಪರದೆ.

"ನಂಬರ್ ಹೇಳಿ. ಹಾಕಿದ ತಕ್ಷಣ ಮಾರ್ಕ್ಸ್ ತಾನಾಗೇ ಬರುತ್ತೆ."

ಟೈಲರು ಕೊರಳಿನ ಟೇಪು ಹಿಡಿದುಕೊಂಡ. "ತಾನಾಗೇ ಅಂದ್ರೆ? ನಾವು ಹೇಳೋದೇನೂ ಬೇಡ್ವಾ?"

"ಬೇಡವೇ ಬೇಡ. ಅಲ್ಲಿ ನೋಡ್ತಾ ಇರಿ, ಗೋಡೆ ಮೇಲೆ. ದೊಡ್ಡದಾಗಿ ಬರುತ್ತೆ."

ಪೋಸ್ಟ್ ಮಾಸ್ಟರು ಕನ್ನಡಕ ಒರೆಸಿಕೊಂಡರು. ಅಕ್ಕ ಆಗಲೇ ಸೆರಗನ್ನು ಕಣ್ಣಿನ ಹತ್ತಿರ ತಂದಿಟ್ಟುಕೊಂಡಿದ್ದಳು. ಕೀಲಿಗಳು ಟಕಟಕ ಎಂದವು. ಕೊನೆಯ ಅಂಕೆ ಬೀಳುವುದಕ್ಕೂ ಟೈಲರು ಎದ್ದು ಗೋಡೆಗೆ ಬೆನ್ನು ಹಾಕಿ, ಎರಡೂ ಕೈಯನ್ನು ಅಗಲಿಸಿ, ಆ ದೊಡ್ಡ ಪರದೆಗೆ ಅಂಟಿಕೊಂಡು ನಿಲ್ಲುವುದಕ್ಕೂ ಸರಿಹೋಯಿತು.

"ಏನೋ ಅದು? ಪಕ್ಕಕ್ಕೆ ಬಾರೋ!"

"ಅಳತೆ ತೆಗೀತಿದೀನಿ ಅಕ್ಕ. ಪಾಪ, ಎಷ್ಟು ಧೂಳು ಕೂತಿದೆ! ಮೇಡಮ್ಮಿಗೆ ಒಂದು ಕವರ್ ಹೊಲಿದು ಕೊಡ್ಬೇಕು."

"ಈಗಲೇನಾ?"

"ಬರೀ ಅಳತೆ, ಬರೀ ಅಳತೆ." ಬೆನ್ನ ಹಿಂದೆ ಟೇಪು ಹಿಡಿದ ಕೈಗಳು ತಡಕಾಡಿದವು. "ನಲವತ್ತು... ಅಲ್ಲಲ್ಲ, ನಲವತ್ತೆರಡು!"

"ಬೆನ್ನ ಹಿಂದೆ ಅಳತೆ ತೆಗೆಯೋ ಟೈಲರನ್ನ ನನ್ನ ಸರ್ವಿಸಲ್ಲೇ ನೋಡಿರ್ಲಿಲ್ಲ," ಎಂದರು ಪೋಸ್ಟ್ ಮಾಸ್ಟರು.

ಮೇಡಮ್ಮಿನ ಬೆರಳು ನಿಂತಿತು. ಅವರು ತಮ್ಮ ಮುಂದಿನ ಪರದೆ ನೋಡಿದರು. ಟೈಲರನ್ನು ನೋಡಿದರು. ಮತ್ತೆ ಪರದೆ ನೋಡಿದರು. "ಟೈಲರೇ, ಇದು ಆಗಲೇ..."

"ಗೊತ್ತು ಮೇಡಮ್!" ಟೈಲರು ಕಣ್ಣಲ್ಲೇ ಕೈಮುಗಿದ. "ಏನ್ ಕಾಣಿಸ್ತಿದೆಯೋ ಅದು ನನಗೆ ಗೊತ್ತು. ಓದಿ ಹೇಳ್ಬೇಡಿ. ದಯವಿಟ್ಟು ಮುಂದಕ್ಕೆ ಹೋಗಿ."

ಮೇಡಮ್ಮು ಒಂದು ನಿಟ್ಟುಸಿರು ಬಿಟ್ಟು ಬೆರಳುಗಳನ್ನು ಮತ್ತೆ ಕೀಲಿಗಳ ಮೇಲಿಟ್ಟರು.

"ಮೊದಲ ಆಯ್ಕೆ ವೈದ್ಯಕೀಯ ಅಂತ ಹಾಕಮ್ಮ," ಎಂದಳು ಅಕ್ಕ. ಕೀಲಿಗಳು ಟಕಟಕ ಎಂದವು.

"ಎರಡನೇದು ಪಶುವೈದ್ಯ ಅಂತ..." ಟೈಲರ ದನಿ ಗೋಡೆಯೊಳಗಿಂದ ಬಂದ ಹಾಗಿತ್ತು.

"ಬಾಯ್ಮುಚ್ಚೋ! ಡಾಕ್ಟರ ಕುರ್ಚೀಲಿ ಕೂರೋಳನ್ನ ಕೊಟ್ಟಿಗೆಗೆ ಕಳಿಸ್ತಾನಂತೆ!"

"ಎರಡು ವಿಳಾಸ ಬರೆದ ಕಾಗದ ಎರಡೂ ಕಡೆ ತಲುಪಲ್ಲ ಟೈಲರೇ," ಎಂದರು ಪೋಸ್ಟ್ ಮಾಸ್ಟರು, ಮೂವತ್ತಾರು ವರ್ಷದ ಅನುಭವದ ಭಾರವನ್ನೆಲ್ಲ ಹಾಕಿ. "ಮಿಕ್ಕಿದ್ದು ಖಾಲಿ ಬಿಡಿ ಮೇಡಮ್. ತೊಂಬತ್ತಮೂರರ ಧೈರ್ಯ ಅಂದ್ರೆ ಅದು."

ಟೈಲರು ಈಗ ಬಾಯಿಬಿಟ್ಟು "ತೊಂಬತ್ತೊಂದು" ಎಂದಿದ್ದರೆ ಸಾಕಿತ್ತು. ಪಕ್ಕಕ್ಕೆ ಒಂದು ಹೆಜ್ಜೆ ಸರಿದಿದ್ದರೂ ಸಾಕಿತ್ತು. ಆದರೆ ಅವನು ಪರದೆಗೆ ಇನ್ನಷ್ಟು ಅಂಟಿಕೊಂಡ.

"ಒಂದ್ಸಲ ಕಳಿಸಿದ್ರೆ ಬದಲಾಯಿಸೋಕ್ ಆಗಲ್ಲ ಅಲ್ವಾ?" ಎಂದು ಪೋಸ್ಟ್ ಮಾಸ್ಟರು ಖಚಿತಪಡಿಸಿಕೊಂಡರು.

"ಯಾರಿಂದ್ಲೂ ಆಗಲ್ಲ," ಎಂದು ಮೇಡಮ್ಮು ಟೈಲರನ್ನೇ ನೋಡಿ ಹೇಳಿದರು. "ಒಂದು ನಂಬರಿಗೆ ಒಂದೇ ಅರ್ಜಿ. ಹೋಯ್ತು ಅಂದ್ರೆ ಹೋಯ್ತು." ಒಂದು ಕೀಲಿಯನ್ನು ಜೋರಾಗಿ ಒತ್ತಿದರು. ಪ್ರಿಂಟರು ಕೆಮ್ಮಿ ಒಂದು ಹಾಳೆ ಉಗುಳಿತು. ಅದನ್ನು ನಾಲ್ಕು ಮಡಿಕೆ ಮಾಡಿ ಟೈಲರ ಕೈಗಿಟ್ಟರು. "ಮನೆಗೆ ಹೋಗಿ ಬಿಚ್ಚಿ ನೋಡಿ."

ಟೈಲರು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಬಿಚ್ಚಿ ನೋಡುವ ಧೈರ್ಯ ಅವನಿಗೆಲ್ಲಿಯದು?

ಅಂಗಡಿಗೆ ಬಂದು ಕೂತ ಮೇಲೆ ಅವನಿಗೆ ಪೂರ್ತಿ ಅರ್ಥವಾಯಿತು. ವೈದ್ಯಕೀಯಕ್ಕೆ ತೊಂಬತ್ತಮೂರು ಬೇಕು, ಮಗಳಿಗಿರುವುದು ತೊಂಬತ್ತೊಂದು. ಅದು ಸಿಗುವುದಿಲ್ಲ. ಪಶುವೈದ್ಯ ಸಿಗುತ್ತಿತ್ತು, ಅದನ್ನು ಕೇಳಿಯೇ ಇಲ್ಲ. ಎರಡು ವರ್ಷ ಮಗು ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದನ್ನು ತಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಕಳೆದುಬಿಟ್ಟಿದ್ದ. ಹಾಗೆ ಯೋಚಿಸುತ್ತಲೇ ಒಂದು ಅಂಗಿಗೆ ಎರಡೂ ತೋಳನ್ನು ಒಂದೇ ಕಡೆ ಹೊಲಿದ. ಅದನ್ನು ಬಿಚ್ಚಿ, ಒಂದು ಚಡ್ಡಿಯ ಎರಡು ಕಾಲನ್ನೂ ಸೇರಿಸಿ ಹೊಲಿದ. ಕೊನೆಗೆ ಎದ್ದು ಔಷಧಿ ಅಂಗಡಿಗೆ ಹೋದ.

"ಎದೆ ಹಿಡ್ಕೊಂಡಂಗಾಗಿದೆ. ಏನಾದ್ರೂ ಕೊಡಿ."

ಔಷಧಿ ಅಂಗಡಿಯವರು ಅವನ ಮುಖ ನೋಡಿ ಸ್ಟೂಲು ಮುಂದೆ ತಳ್ಳಿದರು. "ಕೂತ್ಕೊಳ್ಳಿ. ಏನಾಯ್ತು ಹೇಳಿ."

ಟೈಲರು ಹೇಳಿದ. ಎಲ್ಲವನ್ನೂ ಹೇಳಿದ. "ತೊಂಬತ್ತಮೂರಲ್ಲ ಸಾರ್, ತೊಂಬತ್ತೊಂದು," ಎನ್ನುವಾಗ ಮುಖ ತಗ್ಗಿಸಿದ.

"ಅದು ಗೊತ್ತಲ್ಲ," ಎಂದರು ಅವರು.

"ಹೇಗೆ ಗೊತ್ತು?"

"ನನ್ನ ಮಗನಿಗೆ ಎಂಟನೇ ಕ್ಲಾಸಲ್ಲಿ ಎದೆ ಮೂವತ್ತಾರು ಅಂದಿದ್ರಿ. ಅವನಿಗೆ ಈಗಲೂ ಮೂವತ್ತಾರಿಲ್ಲ. ನೀವು ಏನೇ ಹೇಳಿದ್ರೂ ಈ ಬೀದಿಯೋರೆಲ್ಲ ಎರಡು ಕಳೆದೇ ಕೇಳಿಸ್ಕೊಳ್ತೀವಿ ಟೈಲರೇ. ನಿನ್ನೇನೂ ಕಳೆದೆ."

"ಮತ್ತೆ ಪೋಸ್ಟ್ ಮಾಸ್ಟರು?"

"ಅವರಿಗೆ ಮಕ್ಕಳಿಲ್ಲ. ನಿಮ್ಮ ಹತ್ರ ಒಂದು ಚಡ್ಡೀನೂ ಹೊಲಿಸಿಲ್ಲ. ಪಾಪ, ಅವರಿಗೆ ಹೇಗೆ ಗೊತ್ತಾಗ್ಬೇಕು?" ಔಷಧಿ ಅಂಗಡಿಯವರು ಮಾತ್ರೆಯ ಡಬ್ಬಿ ಮುಚ್ಚಿಟ್ಟರು. "ಆದ್ರೆ ನೀವು ಅರ್ಜಿ ಕಳಿಸಿದ್ದು ಬೀದಿಗಲ್ಲ. ಕಾಲೇಜಿನೋರು ಕಾಗದದಲ್ಲಿ ಇದ್ದದ್ದನ್ನೇ ಓದ್ತಾರೆ. ನಿಮಗೆ ಮಾತ್ರೆ ಬೇಡ. ಹೋಗಿ ಮಗಳಿಗೆ ಹೇಳಿ."

ಮಗಳು ಬಂದು ಕೈ ತೊಳೆಯುವವರೆಗೆ ಟೈಲರು ಬಾಗಿಲಲ್ಲೇ ನಿಂತಿದ್ದ. ಅಕ್ಕ ಹಜಾರದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಅವನು ಅಳತೆ ಕೊಡಲು ಬಂದ ಮಕ್ಕಳ ಹಾಗೆ ಎರಡೂ ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು, ನೆಟ್ಟಗೆ ನಿಂತು, ಪಿಸುದನಿಯಲ್ಲಿ ಎಲ್ಲವನ್ನೂ ಒಪ್ಪಿಸಿದ.

"ನಿನ್ನ ಸೀಟು ನಾನೇ ಕಳೆದೆ ಕಣಮ್ಮ," ಎಂದು ಮುಗಿಸಿದ.

ಮಗಳು ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. "ಆ ಮೇಡಮ್ ಕೊಟ್ಟ ಕಾಗದ ಎಲ್ಲಿ?"

ಅವನು ಜೇಬು ತೋರಿಸಿದ. ಅವಳೇ ತೆಗೆದು, ಬಿಚ್ಚಿ, ಅವನ ಮುಂದೆ ಹಿಡಿದಳು. ಅಂಕ: ತೊಂಬತ್ತೊಂದು. ಮೊದಲ ಆಯ್ಕೆ: ಪಶುವೈದ್ಯ. ಎರಡನೆಯ, ಮೂರನೆಯ ಸಾಲುಗಳೂ ತುಂಬಿದ್ದವು. ಕೆಳಗೆ, ಅರ್ಜಿ ಸಲ್ಲಿಸಿದ ದಿನ: ನಿನ್ನೆ.

"ನಿನ್ನೆ ಸಂಜೆ ಬರ್ತಾ ದಾರೀಲೇ ಹಾಕಿ ಬಂದೆ," ಎಂದಳು ಮಗಳು. "ನಿನಗೆ ಎರಡು ಸಲ ಹೇಳೋಕ್ ಬಂದೆ. ನೀನು ಗೊತ್ತು, ಗೊತ್ತು ಅಂದೆ."

ಟೈಲರು ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿದ. ಇಡೀ ಕೋಣೆಯಲ್ಲಿ ಪರದೆಯ ಮೇಲೆ ಇದ್ದದ್ದನ್ನು ನೋಡಬೇಕಾಗಿದ್ದವನು ಒಬ್ಬನೇ, ಅದಕ್ಕೆ ಬೆನ್ನು ಹಾಕಿ ನಿಂತವನೂ ಅವನೊಬ್ಬನೇ. "ಮತ್ತೆ ಇವತ್ತು ಆ ಮೇಡಮ್ಮು ಅಷ್ಟೊಂದು ಟೈಪ್ ಮಾಡಿದ್ದೇನು?"

"ಅವರನ್ನೇ ಕೇಳು."

(ಮರುದಿನ ಕೇಳಿದ. ತಮ್ಮ ಮನೆಗೆ ಬೇಕಾದ ತಿಂಗಳ ಸಾಮಾನಿನ ಪಟ್ಟಿ ಎಂದರು ಮೇಡಮ್ಮು. ಪರದೆಗೆ ಕವರ್ ಯಾವಾಗ ಬರುತ್ತದೆ ಎಂದೂ ವಿಚಾರಿಸಿದರು.)

ಮಗಳು ಟವೆಲ್ಲು ಮಡಿಚಿಟ್ಟು ಅಪ್ಪನ ಪಕ್ಕ ಕೂತಳು. ಆಮೇಲೆ ಕೇಳಿದಳು.

"ತೊಂಬತ್ತೊಂದು ಸಾಲದಾಯ್ತಾ ಅಪ್ಪ?"

"ಸಾಲದೆ ಅಲ್ಲಮ್ಮ." ಟೈಲರು ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಯಾರ ಮಗು ಬಂದ್ರೂ ಎರಡು ಸೇರಿಸಿ ಹೇಳಿದೀನಿ. ನನ್ನ ಮಗು ಬಂದಾಗ ಹೇಳ್ದೆ ಇರೋಕ್ಕಾಗ್ಲಿಲ್ಲ."

ಅವನ ಕೊರಳಿನ ಟೇಪು ಒಂದು ಕಡೆ ಉದ್ದವಾಗಿ ಜಾರಿತ್ತು. ಮಗಳು ಎರಡೂ ತುದಿ ಸಮ ಮಾಡಿ ಒಳಗೆ ಹೋದಳು.

ಅಂದು ಟೈಲರು ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ ಎಂದು ಶಪಥ ಮಾಡಿದ. ಮರುದಿನ ಎದುರಾದ ಮೊದಲನೆಯವರು ಪಕ್ಕದ ಮನೆಯ ಬಸ್ ಡ್ರೈವರು, ಮೂರು ಮಕ್ಕಳ ತಂದೆ. ಅವರು ಕೇಳುವ ಮೊದಲೇ ಟೈಲರು ಎದೆ ಸೆಟೆಸಿ, "ನನ್ನ ಮಗಳದು ತೊಂಬತ್ತೊಂದು!" ಎಂದ. ಡ್ರೈವರು ಒಂದು ಗಳಿಗೆ ಆಕಾಶ ನೋಡಿ, ಅವನ ಭುಜ ತಟ್ಟಿದರು.

"ಬೇಜಾರ್ ಮಾಡ್ಕೋಬೇಡಿ ಟೈಲರೇ. ಎಂಬತ್ತೊಂಬತ್ತು ಅಂದ್ರೆ ಕಮ್ಮಿಯೇನಲ್ಲ."

ಪೋಸ್ಟ್ ಮಾಸ್ಟರಿಗೆ ಹೇಳುವುದು ಇನ್ನೂ ಕಷ್ಟವಾಯಿತು. "ಹಾಗಾದ್ರೆ ಮಿಕ್ಕ ಎರಡು ಮಾರ್ಕು ಎಲ್ಲಿ ಹೋಯ್ತು?" ಎಂದು ಅವರು ತಲುಪದ ಕಾಗದ ವಿಚಾರಿಸುವವರ ಹಾಗೆ ಮತ್ತೆ ಮತ್ತೆ ಕೇಳಿದರು. ಅಕ್ಕ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನೇ ಬಂದು, ಪಶುವೈದ್ಯರು ಮನುಷ್ಯರ ತಲೆತಿರುಗು ನೋಡಬಾರದು ಅಂತ ಕಾನೂನೇನೂ ಇಲ್ಲವಲ್ಲ ಎಂದು ಕೇಳಿ, ನಾಲಿಗೆ ಹೊರಗೆ ಹಾಕಿ ಕೂತಳು.

ತಿಂಗಳ ನಂತರ ಪಟ್ಟಿ ಬಂತು. ಪೋಸ್ಟ್ ಮಾಸ್ಟರೇ ಅದನ್ನು ಅಂಗಡಿಗೆ ತಂದು ಓದಿದರು. ಈ ವರ್ಷ ಪಶುವೈದ್ಯ ನಿಂತದ್ದು ತೊಂಬತ್ತೊಂದಕ್ಕೆ. ಕೂದಲೆಳೆಯಷ್ಟೂ ಆಚೆಯಿಲ್ಲ, ಈಚೆಯಿಲ್ಲ. ಮಗಳ ಹೆಸರು ಕೊನೆಯ ಸಾಲಿನಲ್ಲಿತ್ತು.

"ಸರಿಯಾದ ಅಳತೆ," ಎಂದ ಟೈಲರು.

ಕಾಲೇಜಿಗೆ ಬಿಳಿ ಕೋಟು ಬೇಕಿತ್ತು. ಮಗಳು ಅಳತೆ ಪುಸ್ತಕ ಹಿಡಿದು ನಿಂತಳು. ಟೈಲರು ಸುತ್ತಳತೆ ತೆಗೆದ. ಟೇಪು ಮೂವತ್ತಮೂರಕ್ಕೆ ನಿಂತಿತು. ಬಾಯಿ ಎಲ್ಲಿಗೋ ಹೊರಟಿತ್ತು, ಅದನ್ನು ಎಳೆದು ತಂದು, "ಮೂವತ್ತಮೂರು," ಎಂದ. ಮಗಳು ತಲೆ ಎತ್ತದೆ ಬರೆದುಕೊಂಡಳು. ಅವನು ಎಂದಿನ ಅಭ್ಯಾಸದಲ್ಲಿ ಪುಸ್ತಕ ನೋಡಿ ಕತ್ತರಿಸಿದ, ಪುಸ್ತಕ ನೋಡಿ ಮಡಿಚಿ ಹೊಲಿದ.

ಹೊರಡುವ ಹಿಂದಿನ ದಿನ ಹಾಕಿ ನೋಡಿದರೆ ಗುಂಡಿ ಕೂರಲಿಲ್ಲ. ಮಗಳು ಉಸಿರು ಎಳೆದುಕೊಂಡರೂ ಎರಡು ಬೆರಳು ದೂರ.

"ಇದೇನಮ್ಮ? ನಾನು ಸರಿಯಾಗೇ ಹೇಳಿದ್ನಲ್ಲ!"

ಮಗಳು ಪುಸ್ತಕ ತೆರೆದಳು. ಅವಳದೇ ಅಕ್ಷರದಲ್ಲಿ ಮೂವತ್ತೊಂದು ಎಂದಿತ್ತು.

"ನೀನು ಮೂವತ್ತಮೂರು ಅಂದೆ," ಎಂದಳು ಮುಖ ಹುಳ್ಳಗೆ ಮಾಡಿಕೊಂಡು. "ಸರಿಯಾಗಿ ಹೇಳ್ತಿದೀನಿ ಅಂತ ಮೊದಲೇ ಹೇಳ್ಬಾರ್ದಾ ಅಪ್ಪ?"

ಟೈಲರು ತಲೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಪುಸ್ತಕವನ್ನು ಬೆಳಕಿಗೆ ಹಿಡಿದ. ಮೂವತ್ತೊಂದರ ಪಕ್ಕದಲ್ಲಿ, ಅವಳ ಅಮ್ಮ ಹಾಕುತ್ತಿದ್ದಷ್ಟೇ ಸಣ್ಣದಾಗಿ, ಎರಡು ಎಂದಿತ್ತು.

ಅವನು ಕೋಟನ್ನು ಒಳಮೈ ಮಾಡಿ ಮಡಿಲಲ್ಲಿ ಹರಡಿಕೊಂಡ. ಬ್ಲೇಡಿನ ತುದಿಯಿಂದ ಪಕ್ಕದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಎರಡಿಂಚು ಬಟ್ಟೆ ಹೊರಗೆ ಬಂತು.